ಇಲಿ ಬಿಟ್ಟಿತೋ, ಕೈ ಬಿಟ್ಟಿತೋ

ಮೂವತ್ತೊಂದು ವರ್ಷ ಇಲಿಯ ಬಾಲ ಹಿಡಿದು ಎಳೆದೇ ಸಂಸಾರ ಸಾಗಿಸಿದ ಮನುಷ್ಯರೊಬ್ಬರಿದ್ದಾರೆ ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಅವರ ಹೆಂಡತಿಯೂ ಮದುವೆಯಾದ ಹೊಸತರಲ್ಲಿ ನಕ್ಕಿದ್ದಳು. ತವರಿಗೆ ಹೋದಾಗ ಯಾರಾದರೂ 'ನಿಮ್ಮನೆಯವರಿಗೆ ಏನು ಕೆಲಸ' ಅಂತ ಕೇಳಿದರೆ 'ಸಂಶೋಧನಾ ಸಂಸ್ಥೇಲಿದ್ದಾರೆ' ಅಂದು ಮಾತನ್ನು ಬೇರೆ ಕಡೆ ತಿರುಗಿಸಿಬಿಡುತ್ತಿದ್ದಳು. ಬಾಲದ ವಿಷಯ ಅವಳ ಬಾಯಿಂದ ಹೊರಬರಲು ಆರು ವರ್ಷ ಹಿಡಿಯಿತು.

ಆ ಮನುಷ್ಯರನ್ನು ಎಲ್ಲರೂ ಕರೆಯುವುದು ತಕ್ಕಡಿ ಅಂತ. ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಇಲಿಮನೆಯಲ್ಲಿ ಅಂಟಿಕೊಂಡದ್ದು. ಇಲಿಮನೆ ಅಂದರೆ ಸಂಸ್ಥೆಯ ನೆಲಮಾಳಿಗೆಯಲ್ಲಿ ಸಾಲು ಸಾಲಾಗಿ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಜೋಡಿಸಿಟ್ಟ, ಕಿಟಕಿಯೇ ಇಲ್ಲದ ಮೂರು ಕೋಣೆ. ಒಳಗೆ ಹೋಗಬೇಕಾದರೆ ನಿಲುವಂಗಿ, ಟೋಪಿ, ಮಾಸ್ಕು, ಕೈಗೆ ಗ್ಲೌಸು. ಹೊರಗಿನ ರೋಗ ಇಲಿಗೆ ಅಂಟದಿರಲಿ ಅಂತ ಇಷ್ಟೆಲ್ಲ. ಮನುಷ್ಯನ ಗತಿಯ ಬಗ್ಗೆ ಅಲ್ಲಿ ಯಾವ ಬೋರ್ಡಿನಲ್ಲೂ ಒಂದಕ್ಷರ ಇಲ್ಲ.

ಸ್ನಾಯು ದಿನದಿನಕ್ಕೆ ಸವೆಯುತ್ತಾ ಹೋಗುವ ಒಂದು ಕಾಯಿಲೆ ಇದೆ. ಮಸ್ಕ್ಯುಲರ್ ಡಿಸ್ಟ್ರೋಫಿ ಅನ್ನುವುದು ಅದರ ದೊಡ್ಡ ಹೆಸರು. ಹುಟ್ಟಿನಿಂದಲೇ ಬರುತ್ತದೆ, ಮೊದಲು ಕಾಲನ್ನು, ಆಮೇಲೆ ಕೈಯನ್ನು ಹಿಡಿಯುತ್ತದೆ. ಅದೇ ದೋಷ ಹೊತ್ತು ಹುಟ್ಟುವ ಒಂದು ಕಪ್ಪು ಇಲಿಯ ತಳಿ ಇದೆ. ಹೊಸ ಔಷಧಿ ಯಾವುದೇ ಬರಲಿ, ಮೊದಲು ಆ ಇಲಿಗಳ ಹೊಟ್ಟೆಗೆ ಹೋಗಬೇಕು. ಹೋದ ಮೇಲೆ ಕೇಳಬೇಕಲ್ಲ, 'ಏನಪ್ಪಾ, ಮೈಗೆ ಸ್ವಲ್ಪ ಕಸುವು ಬಂತಾ?' ಅಂತ. ಇಲಿ ಬಾಯಿ ಬಿಡುವುದಿಲ್ಲ. ಅದಕ್ಕೇ ಬಾಲದ ಕಡೆಯಿಂದ ಕೇಳುತ್ತಾರೆ. ಅಂಗೈಯಗಲದ ಒಂದು ಉಕ್ಕಿನ ಜಾಲರಿ, ಅದಕ್ಕೊಂದು ಮೀಟರು. ಇಲಿಯನ್ನು ಜಾಲರಿಯ ಮೇಲೆ ಇಟ್ಟರೆ ನಾಲ್ಕೂ ಕಾಲಿನಿಂದ ಕಚ್ಚಿ ಹಿಡಿದುಕೊಳ್ಳುತ್ತದೆ. ಆಗ ಬಾಲ ಹಿಡಿದು ಹಿಂದಕ್ಕೆ, ನೇರವಾಗಿ, ಒಂದೇ ಹದದಲ್ಲಿ ಎಳೆಯಬೇಕು. ಇಲಿ ತಡೆಯುವಷ್ಟು ತಡೆದು ಒಂದು ಗಳಿಗೆಯಲ್ಲಿ ಬಿಟ್ಟುಬಿಡುತ್ತದೆ. ಎಷ್ಟು ಗ್ರಾಂ ಎಳೆತಕ್ಕೆ ಬಿಟ್ಟಿತು ಅನ್ನುವುದು ಮೀಟರಿನಲ್ಲಿ ನಿಲ್ಲುತ್ತದೆ. ಇಲಿ ಒಂದಕ್ಕೆ ಐದು ಸಲ, ನಡುನಡುವೆ ಒಂದೊಂದು ನಿಮಿಷ ವಿಶ್ರಾಂತಿ.

ಕೇಳಲು ಸುಲಭ. ಮಾಡಿ ನೋಡಿದವರಿಗೆ ಗೊತ್ತು ಪಾಡು. ಜರ್ಕು ಹೊಡೆದರೆ ಒಂದು ಲೆಕ್ಕ, ಓರೆಯಾಗಿ ಎಳೆದರೆ ಇನ್ನೊಂದು ಲೆಕ್ಕ, ಇಲಿಗೆ ಬೇಜಾರಾದರೆ ಮೂರನೆಯದು. ಈಗಿನ ದೊಡ್ಡ ಡಾಕ್ಟರು ಆಗಿನ್ನೂ ತಲೆತುಂಬ ಕೂದಲಿದ್ದ ಹುಡುಗರು. ಇವರ ಕೈಯಲ್ಲಿ ಒಂದೇ ಇಲಿಯನ್ನು ಮೂರು ದಿನ ಎಳೆಸಿ ನೋಡಿದರು. ಮೂರೂ ದಿನದ ಲೆಕ್ಕಕ್ಕೆ ಎರಡು ಗ್ರಾಮಿನ ವ್ಯತ್ಯಾಸವೂ ಇರಲಿಲ್ಲ. 'ಇದು ಕೈಯಲ್ಲ ಕಣ್ರೀ, ತಕ್ಕಡಿ!' ಅಂದರು. ಅಂದದ್ದೇ ತಡ, ಹೆಸರು ಬಿತ್ತು.

ಇಲಿ ಹಿಡಿತ ಸಡಿಲಿಸಿದ ಕ್ಷಣ ತಕ್ಕಡಿಯವರು 'ಬಿಟ್ತು!' ಅಂತ ಕೂಗುತ್ತಿದ್ದರು. ಪಕ್ಕದಲ್ಲಿ ಪುಸ್ತಕ ಹಿಡಿದು ಕೂತವರು ಮೀಟರು ನೋಡಿ ಬರೆದುಕೊಳ್ಳುತ್ತಿದ್ದರು. ದಿನಕ್ಕೆ ನೂರೈವತ್ತು ಇನ್ನೂರು ಸಲ 'ಬಿಟ್ತು'. ಆ ಮಾತು ಮನೆಗೂ ಬಂತು. ಮಳೆ ನಿಂತಾಗ, ಮಗಳ ಸ್ಕೂಲಿನ ಗಂಟೆ ಹೊಡೆದಾಗ, ಬಾಟಲಿಯ ಬಿಗಿ ಮುಚ್ಚಳ ತಿರುಗಿದಾಗ ಅದೇ ರಾಗದಲ್ಲಿ 'ಬಿಟ್ತು!' ಅನ್ನುವರು. ಅಡುಗೆಮನೆಯಿಂದ ಹೆಂಡತಿ 'ಎಷ್ಟು ಗ್ರಾಂ?' ಅನ್ನುವಳು. ಮುಚ್ಚಳಗಳ ಖಾತೆ ಮೊದಲಿನಿಂದಲೂ ಅವರದೇ. ಆ ಮನೆಯಲ್ಲಿ ಸಕ್ಕರೆ, ಕಾಫಿಪುಡಿ, ಎಣ್ಣೆ, ಏನೇ ಇರಲಿ, ಬಿಗಿಯಾದದ್ದೆಲ್ಲ ಅವರ ಮುಂದೆ ಬಂದು ನಿಲ್ಲುತ್ತಿತ್ತು.

ಅವರಿಗೆ ಕೀರ್ತಿಯೂ ಇತ್ತು, ಒಂದು ಥರದ್ದು. ಸಂಸ್ಥೆಯಿಂದ ಪ್ರಬಂಧ ಅಚ್ಚಾದಾಗಲೆಲ್ಲ ಡಾಕ್ಟರುಗಳ ಹೆಸರು ಸಾಲಾಗಿ ಮೇಲೆ ಬರುತ್ತಿತ್ತು. ನಾಲ್ಕನೆಯ ಪುಟದಲ್ಲೋ ಐದನೆಯದರಲ್ಲೋ ಒಂದು ಸಾಲು: 'ಎಲ್ಲಾ ಅಳತೆಗಳನ್ನೂ ಪಳಗಿದ ಒಬ್ಬರೇ ವ್ಯಕ್ತಿ ಮಾಡಿದ್ದಾರೆ.' ಆ ಒಬ್ಬರೇ ವ್ಯಕ್ತಿ ಇವರು. ಹೆಸರಿಲ್ಲ, ಊರಿಲ್ಲ, ಆದರೂ ಇವರೇ. ಸಂಸ್ಥೆಯ ಲೈಬ್ರರಿಯವರು ಆ ಪುಟದ ಪ್ರತಿ ತೆಗೆದು, ಸಾಲಿನ ಅರ್ಥ ಬಿಡಿಸಿ ಹೇಳಿ, ಕೈಗೆ ಕೊಡುವರು. ಹೆಂಡತಿ ಅದರ ಕೆಳಗೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಫೈಲಿಗೆ ಸೇರಿಸುವಳು. ಹೀಗೆ ಹದಿನಾಲ್ಕು ಗೆರೆಗಳಾಗಿದ್ದವು.

ಲೈಬ್ರರಿಯವರ ವಿಷಯ ಈಗಲೇ ಹೇಳಿಬಿಡುತ್ತೇನೆ. ಅವರಿಗೆ ಅದೇ ಸ್ನಾಯುವಿನ ಕಾಯಿಲೆ, ನಿಧಾನದ ಜಾತಿಯದು. ಮೂವತ್ತರವರೆಗೆ ನಡೆದಾಡಿದ್ದರು. ಈಗ ನಲವತ್ತೇಳು, ಗಾಲಿಕುರ್ಚಿಯಲ್ಲೇ ಓಡಾಟ. ಅಯ್ಯೋ ಪಾಪ ಅನ್ನಲು ಹೋದಿರೋ, ನಿಮ್ಮ ಮರ್ಯಾದೆ ಅಲ್ಲೇ ಕಳೆದು ಕೈಗೆ ಕೊಡುವ ಆಸಾಮಿ. ಮಧ್ಯಾಹ್ನ ತಕ್ಕಡಿಯವರು ಬುತ್ತಿ ತೆಗೆದುಕೊಂಡು ಲೈಬ್ರರಿಗೆ ಹೋದರೆ ಅವರ ಮೊದಲ ಪ್ರಶ್ನೆ, 'ನಮ್ಮ ಬಂಧುಗಳು ಹೇಗಿದ್ದಾರೆ?' ಬಂಧುಗಳು ಅಂದರೆ ಇಲಿಗಳು. ಆಮೇಲೆ ಕೈ ಮುಂದೆ ಚಾಚಿ, 'ತೂಗಿ' ಅನ್ನುವರು. ತಕ್ಕಡಿಯವರು ಆ ಕೈ ಹಿಡಿದು ಸ್ವಲ್ಪ ಎಳೆದು, ಗಂಭೀರ ಮುಖ ಮಾಡಿ, 'ಹೋದ ವಾರದಷ್ಟೇ ಇದೆ' ಅನ್ನುವರು. ಕಡಿಮೆಯಾಗಿದ್ದರೂ ಹಾಗೇ ಅನ್ನುವರು. ಅಷ್ಟು ಸುಳ್ಳನ್ನು ಆ ತಕ್ಕಡಿ ಹೇಳುತ್ತಿತ್ತು.

ಈಗ ಕತೆಗೆ ಬರೋಣ. ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ ಇರುವಾಗ ಹೊಸ ಔಷಧಿಯೊಂದು ಪರೀಕ್ಷೆಗೆ ಇಳಿದಿತ್ತು. ಅದರ ಹಿಂದೆ ನಾಲ್ಕು ವರ್ಷ ಬಿದ್ದಿದ್ದವಳು ಒಬ್ಬ ಕಿರಿಯ ಸಂಶೋಧಕಿ. ತಕ್ಕಡಿಯವರ ಬಾಯಲ್ಲಿ ಡಾಕ್ಟ್ರಮ್ಮ. ಜ್ವರಕ್ಕೆ ಮಾತ್ರೆ ಕೇಳಿದರೆ ಕಕ್ಕಾಬಿಕ್ಕಿಯಾಗುವ ಜಾತಿಯ ಡಾಕ್ಟರು, ಆದರೆ ಇಲಿಯ ತೊಡೆಯ ಸ್ನಾಯುವಿನ ಬಗ್ಗೆ ಮಾತಿಗೆ ಬಿಟ್ಟರೆ ಊಟ ಮರೆಯುವವಳು. ಅರವತ್ತು ಇಲಿಗಳು. ಅರ್ಧಕ್ಕೆ ಔಷಧಿ, ಅರ್ಧಕ್ಕೆ ಬರೀ ಸಿಹಿನೀರು. ಪೆಟ್ಟಿಗೆಗಳ ಮೇಲೆ ನೀಲಿ ಇಲ್ಲವೇ ಹಳದಿ ಬೊಟ್ಟು. ಯಾವ ಬಣ್ಣಕ್ಕೆ ಔಷಧಿ ಅನ್ನುವುದು ಇವಳಿಗೂ ಗೊತ್ತಿಲ್ಲ, ತಕ್ಕಡಿಯವರಿಗೂ ಗೊತ್ತಿಲ್ಲ. ಅದು ಮುಚ್ಚಿದ ಲಕೋಟೆಯೊಳಗೆ ದೊಡ್ಡ ಡಾಕ್ಟರ ಬೀರುವಿನಲ್ಲಿ. ಗೊತ್ತಿದ್ದರೆ ಕೈ ತನಗೆ ಬೇಕಾದ ಕಡೆ ವಾಲುತ್ತದಂತೆ.

ಇಂಥ ಪರೀಕ್ಷೆಯಲ್ಲಿ ಕಾಯಿಲೆಯಿಲ್ಲದ ಇಲಿಗಳನ್ನೂ ಜೊತೆಯಲ್ಲೇ ಎಳೆದು ನೋಡುವುದು ವಾಡಿಕೆ. ದೊಡ್ಡ ಡಾಕ್ಟರು ಅದನ್ನು ಬೇಡವೆಂದರು. 'ಗಟ್ಟಿ ಇಲಿ ಇನ್ನೂರಹತ್ತು ಗ್ರಾಂ ಹಿಡಿಯುತ್ತೆ ಅಂತ ನಮ್ಮ ಹಳೇ ಪುಸ್ತಕಗಳಲ್ಲೇ ಇದೆಯಲ್ಲ. ಎಳೆದೋರು ತಕ್ಕಡಿ, ಈಗಲೂ ಎಳೆಯೋರು ತಕ್ಕಡಿ. ಅವರ ಕೈ ಬದಲಾಗುತ್ತಾ? ಇಲಿಗಳಿಗೆ ಸುಮ್ನೆ ಯಾಕೆ ತೊಂದರೆ?' ತಕ್ಕಡಿಯವರಿಗೆ ಆ ದಿನ ಎದೆ ಎರಡು ಅಂಗುಲ ಉಬ್ಬಿತು. ಉಬ್ಬಿದ ಎದೆಯಲ್ಲೇ ಮನೆಗೆ ಹೋಗಿ ಹೆಂಡತಿಗೂ ಹೇಳಿದರು.

ಹನ್ನೆರಡು ವಾರದ ಪರೀಕ್ಷೆ. ಕಾಯಿಲೆಯ ಇಲಿಗಳು ಶುರುವಿನಲ್ಲಿ ನೂರಮೂವತ್ತರ ಆಸುಪಾಸು ಹಿಡಿಯುತ್ತಿದ್ದವು. ಔಷಧಿ ಕೆಲಸ ಮಾಡಿದರೆ ಅರ್ಧದಷ್ಟಾದರೂ ಇಲಿಗಳು ಮೇಲೇರಬೇಕು. ಏರದಿದ್ದರೆ ಹನ್ನೆರಡು ವಾರ ಮುಗಿದ ಮೇಲಿನ ಸೋಮವಾರ ದೊಡ್ಡ ಡಾಕ್ಟರು 'ಫಲವಿಲ್ಲ' ಅಂತ ಬರೆಯುತ್ತಾರೆ, ಔಷಧಿ ಮೂಲೆ ಸೇರುತ್ತದೆ, ಅರವತ್ತು ಇಲಿಗಳನ್ನೂ ಮುಗಿಸುತ್ತಾರೆ. ಹಾಗೆ ಮೂಲೆ ಸೇರಿದವು ಈ ಮೂವತ್ತೊಂದು ವರ್ಷದಲ್ಲಿ ಹತ್ತೊಂಬತ್ತು. ಯಾವುದೂ ಮತ್ತೆ ಮೂಲೆಯಿಂದ ಎದ್ದು ಬಂದದ್ದಿಲ್ಲ.

ಐದನೆಯ ವಾರ ನೂರಮೂವತ್ತೈದು. ಏಳನೆಯ ವಾರ ನೂರಮೂವತ್ತೆಂಟು. ಹತ್ತನೆಯ ವಾರವೂ ಸರಾಸರಿ ನೂರನಲವತ್ತು ದಾಟಲಿಲ್ಲ, ನೀಲಿಯಿರಲಿ, ಹಳದಿಯಿರಲಿ. ಡಾಕ್ಟ್ರಮ್ಮನ ಮುಖ ದಿನೇದಿನೇ ಸಪ್ಪಗಾಯಿತು. ತಕ್ಕಡಿಯವರು ಸಮಾಧಾನ ಹೇಳಿದರು. 'ಬೇಜಾರು ಮಾಡ್ಕೋಬೇಡಿ ಅಮ್ಮ. ಔಷಧಿ ಕೈ ಕೊಟ್ರೆ ನೀವೇನು ಮಾಡ್ತೀರಾ?' ಕೈ ಕೊಟ್ಟದ್ದು ಯಾವುದು ಅಂತ ಅವರಿಗಿನ್ನೂ ಗೊತ್ತಿರಲಿಲ್ಲ.

ಸಣ್ಣಪುಟ್ಟದ್ದು ಇರಲಿಲ್ಲ ಅಂತಲ್ಲ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಬೆಳಿಗ್ಗೆ ಹೊತ್ತು ಒಂಥರಾ ಹಿಡಿದುಕೊಂಡ ಹಾಗೆ. ತುದಿಯಲ್ಲಿ ಜೋಮು. ಬಾಲ ಆಗಾಗ ಬೆರಳಿನ ಸಂದಿನಿಂದ ಸುಯ್ಯೆಂದು ಜಾರಿದಂತೆ ಅನ್ನಿಸುವುದು. ಅದಕ್ಕೆ ಕಾರಣ ಸಿಕ್ಕಿಯೂ ಆಗಿತ್ತು, ಹೊಸದಾಗಿ ಬಂದ ಗ್ಲೌಸು. 'ಇದು ಕೈಗವಸೋ, ಸೋಪಿನ ತುಂಡೋ?' ಅಂತ ಸ್ಟೋರಿನವರ ಮೇಲೆ ಎರಡು ಸಲ ಹಾರಾಡಿ ಬಂದಿದ್ದರು. ಸ್ಟೋರಿನವರು ಪಾಪ, ಬೇರೆ ಗ್ಲೌಸು ತರಿಸಿಯೂ ಕೊಟ್ಟರು. ಅದೂ ಜಾರಿತು. ಈಗಿನ ಕಾಲದ ಸಾಮಾನೇ ಹೀಗೆ ಅಂದುಕೊಂಡು ಸುಮ್ಮನಾದರು.

ಹನ್ನೊಂದನೆಯ ವಾರದ ಬುಧವಾರ ಮಧ್ಯಾಹ್ನ ಎಂದಿನಂತೆ ಲೈಬ್ರರಿಯವರು ಕೈ ಚಾಚಿ 'ತೂಗಿ' ಅಂದರು. ತಕ್ಕಡಿಯವರು ಹಿಡಿದು ಎಳೆದರು. ಲೈಬ್ರರಿಯವರ ಹುಬ್ಬು ಮೇಲೇರಿತು.

'ಇನ್ನೊಂದ್ಸಲ ಎಳೀರಿ.'

ಎಳೆದರು.

'ಏನ್ರೀ ಇದು? ಇಷ್ಟು ವರ್ಷ ನೀವು ನನ್ನ ಕೈ ಹಿಡೀತಿದ್ರಿ. ಇವತ್ತು ನಾನು ನಿಮ್ಮ ಕೈ ಹಿಡ್ಕೊಂಡಿದೀನಿ.'

'ಹಾಗಾದ್ರೆ ನಿಮಗೆ ಶಕ್ತಿ ಬಂದಿದೆ ಅಂತಾಯ್ತು.'

'ತಮಾಷೆ ಬೇಡ. ನನ್ನ ಕೈ ಎಲ್ಲಿಗೆ ಬಂದಿದೆ ಅಂತ ನನಗೆ ಗೊತ್ತು, ನೀವು ದಿನಾ ಸುಳ್ಳು ಹೇಳೋದೂ ಗೊತ್ತು. ನನಗಿಂತ ಮೊದ್ಲು ನಿಮ್ಮ ಹೆಬ್ಬೆರಳು ಬಿಡ್ತಲ್ರೀ! ಈ ಊರಲ್ಲಿ ನನಗಿಂತ ಮೊದ್ಲು ಬಿಡೋ ಕೈ ಇನ್ನೊಂದಿದೆ ಅಂತ ನಾನು ಕನಸಲ್ಲೂ ಎಣಿಸಿರ್ಲಿಲ್ಲ.'

ತಕ್ಕಡಿಯವರಿಗೆ ಸಿಟ್ಟು ನೆತ್ತಿಗೇರಿತು. 'ನಮ್ಮ ಮನೇಲಿ ಇವತ್ತಿಗೂ ಎಲ್ಲಾ ಡಬ್ಬಿ ಬಾಟ್ಲಿ ಮುಚ್ಚಳ ತೆಗೆಯೋದು ನಾನು. ಇವತ್ತು ಬೆಳಿಗ್ಗೆ ಕೂಡ ಕಾಫಿಪುಡಿ ಬಾಟ್ಲಿ ಒಂದೇ ತಿರುವಿಗೆ ತೆಗೆದಿದೀನಿ. ಬೇಕಾದ್ರೆ ನನ್ನ ಹೆಂಡತೀನ ಕೇಳಿ!' ಅಂದು ಅರ್ಧ ಬುತ್ತಿಯನ್ನು ಹಾಗೇ ಮುಚ್ಚಿಕೊಂಡು ಎದ್ದು ಹೋದರು.

ಸಂಜೆ ಮನೆಗೆ ಬಂದರೂ ಬುಸುಬುಸು ಇಳಿದಿರಲಿಲ್ಲ. ಕಾಫಿಗೆ ಸಕ್ಕರೆ ಸಾಲದೆ, ಕಪಾಟಿನಿಂದ ಸಕ್ಕರೆ ಬಾಟಲಿಯನ್ನು ಮುಚ್ಚಳ ಹಿಡಿದೇ ಎತ್ತಿದರು. ಮುಚ್ಚಳ ಕೈಗೆ ಬಂತು. ಬಾಟಲಿ ನೆಲಕ್ಕೆ ಬಿತ್ತು. ಗಾಜು, ಸಕ್ಕರೆ, ಅಡುಗೆಮನೆ ತುಂಬ.

'ಯಾರೇ ಇದನ್ನ ಹೀಗೆ ಸಡಿಲ ಮುಚ್ಚಿದ್ದು? ಒಂದು ಬಾಟ್ಲಿ ನೆಟ್ಟಗೆ ಮುಚ್ಚೋಕೆ ಬರಲ್ವಾ ನಿನಗೆ?'

ಹೆಂಡತಿ ಪೊರಕೆ ತಂದು ಮಾತಿಲ್ಲದೆ ಗುಡಿಸತೊಡಗಿದಳು. ಮೂವತ್ತು ವರ್ಷದಲ್ಲಿ ಅವಳು ಬೈಗುಳಕ್ಕೆ ಎದುರು ಮಾತಾಡದೆ ಇದ್ದದ್ದೇ ಇಲ್ಲ. ತಕ್ಕಡಿಯವರಿಗೆ ಏನೋ ಚುರುಕ್ ಅಂದಿತು. ಕಾಫಿಪುಡಿಯ ಬಾಟಲಿ ಮುಟ್ಟಿ ನೋಡಿದರು. ಸಡಿಲ. ಎಣ್ಣೆಯದು ಸಡಿಲ. ಕಪಾಟಿನ ಹಿಂದಿನ ಸಾಲಿನ, ವಾರಕ್ಕೊಮ್ಮೆ ತೆಗೆಯುವ ಡಬ್ಬಿಗಳು ಕೂಡ ಬೆರಳು ಸೋಕಿದರೆ ತಿರುಗುವಷ್ಟು ಸಡಿಲ.

'ಯಾವಾಗಿಂದ ಹೀಗಿದೆ?'

'ಆರು ತಿಂಗಳಾಯ್ತು,' ಅಂದಳು, ತಲೆ ಎತ್ತದೆ. 'ಅವತ್ತೊಂದಿನ ಬೆಳಿಗ್ಗೆ ನೀವು ಕಾಫಿಪುಡಿ ಬಾಟ್ಲಿ ಜೊತೆ ಹತ್ತು ನಿಮಿಷ ಗುದ್ದಾಡಿದ್ರಿ. ಆಮೇಲೆ ಅದನ್ನ ಅಲ್ಲೇ ಇಟ್ಟು, ಇವತ್ತು ಕಾಫಿ ಬೇಡ ಅಂದ್ರಿ. ನೀವು ಕಾಫಿ ಬೇಡ ಅಂದಿದ್ದನ್ನ ನಾನು ಕೇಳಿದ್ದು ಅದೇ ಮೊದ್ಲು ರೀ. ನನಗೆ ತಡ್ಕೊಳ್ಳೋಕಾಗ್ಲಿಲ್ಲ. ಅವತ್ತಿಂದ ಯಾವ ಮುಚ್ಚಳಾನೂ ಬಿಗಿ ಮಾಡಿಲ್ಲ.'

'ನನಗೆ ಯಾಕೆ ಹೇಳ್ಲಿಲ್ಲ?'

'ಏನಂತ ಹೇಳ್ಲಿ? ನಿಮ್ಮ ಹೆಸರೇ ತಕ್ಕಡಿ.'

ತಕ್ಕಡಿಯವರು ಸ್ಟೂಲಿನ ಮೇಲೆ ಕೂತರು. ಇಷ್ಟು ವರ್ಷ ಇಲಿಗಳಿಗೆ ಗೊತ್ತಿಲ್ಲದ ಹಾಗೆ ಇವರು ಪ್ರಯೋಗ ನಡೆಸಿದ್ದರು. ಇವರಿಗೆ ಗೊತ್ತಿಲ್ಲದ ಹಾಗೆ ಇವರ ಮೇಲೆ ಆರು ತಿಂಗಳ ಪ್ರಯೋಗ ಸದ್ದಿಲ್ಲದೆ ಅಡುಗೆಮನೆಯಲ್ಲೇ ನಡೆದುಹೋಗಿತ್ತು. ಔಷಧಿ ಪ್ರೀತಿಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಫಲಿತಾಂಶ ಪೂರ್ತಿ ಸುಳ್ಳು. ಹೆಂಡತಿಯ ಮೇಲೆ ರೇಗಬೇಕೋ, ಅವಳ ಕೈ ಹಿಡಿದುಕೊಂಡು ಅಳಬೇಕೋ ತಿಳಿಯದೆ, ಪೊರಕೆ ಇಸಿದುಕೊಂಡು ಉಳಿದ ಸಕ್ಕರೆಯನ್ನು ತಾವೇ ಗುಡಿಸಿದರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಲಿಮನೆಗೆ ಹೋದರು. ಬಾಲದಷ್ಟೇ ಸಪೂರದ ಒಂದು ರಬ್ಬರ್ ನಳಿಕೆಯನ್ನು ಜಾಲರಿಗೆ ಕಟ್ಟಿದರು. ಗ್ಲೌಸು ಹಾಕಿಕೊಂಡು, ನಳಿಕೆಯನ್ನು ಬಾಲ ಹಿಡಿಯುವ ಹಾಗೇ ಹಿಡಿದು, ನೇರವಾಗಿ, ಒಂದೇ ಹದದಲ್ಲಿ ಎಳೆದರು. ಬೆರಳು ಜಾರಿತು. ಮೀಟರು ನೋಡಿದರು. ಒಂದು ನಿಮಿಷ ವಿಶ್ರಾಂತಿ ಕೊಟ್ಟುಕೊಂಡರು, ನಿಯಮ ಅಂದರೆ ನಿಯಮ. ಮತ್ತೆ ಎಳೆದರು. ಐದು ಸಲ. ನೂರನಲವತ್ತಮೂರು, ನೂರಮೂವತ್ತೊಂಬತ್ತು, ನೂರನಲವತ್ತೊಂದು, ನೂರಮೂವತ್ತೆಂಟು, ನೂರನಲವತ್ತು.

ಮೂವತ್ತೊಂದು ವರ್ಷದಲ್ಲಿ ಆ ಕೈಯನ್ನು ಯಾರೂ ತೂಗಿರಲಿಲ್ಲ. ತೂಗಿದ ಮೇಲೆ ಎಲ್ಲಾ ಬಿಚ್ಚಿಕೊಂಡಿತು. ನೂರನಲವತ್ತಕ್ಕಿಂತ ಹೆಚ್ಚು ಹಿಡಿಯುವ ಇಲಿ ಇದ್ದರೂ ಅದು ಪುಸ್ತಕದಲ್ಲಿ ಬರಲು ಸಾಧ್ಯವೇ ಇರಲಿಲ್ಲ. ಇಲಿ ಹಿಡಿದೇ ಇರುತ್ತದೆ, ಬಿಡುವುದು ಬೆರಳು. ಇವರು 'ಬಿಟ್ತು' ಅಂತ ಕೂಗುತ್ತಾರೆ, ಡಾಕ್ಟ್ರಮ್ಮ ಬರೆಯುತ್ತಾಳೆ. ಆ ಗಟ್ಟಿ ಇಲಿಗಳನ್ನು ಒಂದೇ ಒಂದು ಸಲ ಎಳೆದಿದ್ದರೆ ಮೊದಲ ವಾರವೇ ಬಣ್ಣ ಬಯಲಾಗುತ್ತಿತ್ತು. ಎಳೆಯಲಿಲ್ಲ, ಯಾಕೆಂದರೆ ತಕ್ಕಡಿಯ ಕೈ ಬದಲಾಗುವುದಿಲ್ಲವಲ್ಲ!

ಈಗ ನೋಡಿ, ಮನುಷ್ಯ ಎಷ್ಟು ಒಳ್ಳೆಯವನಾದರೂ ಮೊದಲು ಹುಡುಕುವುದು ಹಿಂಬಾಗಿಲು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತನೆಯ ಔಷಧಿ ಮೂಲೆ ಸೇರುತ್ತದೆ. ಎಂಟು ತಿಂಗಳಿಗೆ ಹಾರ ಹಾಕಿಸಿಕೊಂಡು, 'ಇಂಥ ಕೈ ಇನ್ನೊಂದಿಲ್ಲ' ಅನ್ನಿಸಿಕೊಂಡು ಹೊರಗೆ ಬರಬಹುದು. ಹೇಳಿದರೆ? ಹದಿನಾಲ್ಕು ಕೆಂಪು ಗೆರೆಗಳ ಮೇಲೂ ಜನ ಬೆರಳಿಡುತ್ತಾರೆ. ಹೋದ ವರ್ಷ ಮೂಲೆ ಸೇರಿದ ಔಷಧಿಯನ್ನು ಎಳೆದದ್ದು ಒಳ್ಳೆಯ ಕೈಯೋ, ಕೆಟ್ಟ ಕೈಯೋ? ಅವರಿಗೇ ಗೊತ್ತಿರಲಿಲ್ಲ.

ಡಾಕ್ಟ್ರಮ್ಮ ಬಂದಾಗ ಹಿಂಬಾಗಿಲು ತಟ್ಟಿ ನೋಡಿದರು. 'ಈ ವಾರ ನನಗೆ ಸ್ವಲ್ಪ ಮೈಗೆ ಸರಿ ಇಲ್ಲಮ್ಮ. ನೀವೇ ಎಳೆದುಬಿಡಿ.'

'ಅಯ್ಯೋ, ಎಲ್ಲಾದ್ರೂ ಉಂಟಾ ಅಣ್ಣಾ? ಹತ್ತು ವಾರ ನೀವು ಎಳೆದು ಈಗ ನಾನು ಎಳೆದ್ರೆ ಲೆಕ್ಕ ಎಲ್ಲಾ ಕೆಟ್ಟುಹೋಗುತ್ತೆ. ಮೊದಲಿಂದ ಕೊನೇವರೆಗೆ ಒಂದೇ ಕೈ ಇರ್ಬೇಕು ಅಂತ ನನಗೆ ಹೇಳಿಕೊಟ್ಟಿದ್ದೇ ನೀವು. ಹೇಗೂ ಇದು ಮುಗಿದ ಕತೆ. ಕೊನೇ ಎರಡು ವಾರ, ನಿಮ್ಮ ಕೈಯಿಂದಲೇ ಆಗ್ಲಿ.'

ತಾವೇ ಹಾಕಿದ ಬಾಗಿಲಿಗೆ ತಾವೇ ತಲೆ ಹೊಡೆದುಕೊಂಡಂತಾಯಿತು. ನಿಲುವಂಗಿ ಹಾಕಿಕೊಂಡು ಒಳಗೆ ಹೋದರು.

ಮೊದಲು ನೀಲಿ ಬೊಟ್ಟಿನ ಪೆಟ್ಟಿಗೆ. ಇಲಿಯನ್ನು ಜಾಲರಿಯ ಮೇಲಿಟ್ಟು ಎಳೆದರು. ಇಲಿಯ ಕಾಲು ಕಿತ್ತು ಬಂತು. 'ಬಿಟ್ತು!' ನೂರಿಪ್ಪತ್ತೊಂಬತ್ತು. ಅದು ನಿಜವಾದ 'ಬಿಟ್ತು'. ಐದೂ ಸಲ ನಿಜ. ಅವರಿಗೆ ಆಸೆ ಹುಟ್ಟಿತು, ಇವತ್ತು ಇಡೀ ದಿನ ಹೀಗೇ ಸಾಗಿಬಿಡಲಿ ಅಂತ.

ಎರಡನೆಯದು ಹಳದಿ ಬೊಟ್ಟಿನದು. ಇಲಿ ಜಾಲರಿ ಕಚ್ಚಿಕೊಂಡಿತು. ಎಳೆದರು. ಅದು ಅಲುಗಲಿಲ್ಲ. ಇನ್ನಷ್ಟು ಎಳೆದರು. ಹೆಬ್ಬೆರಳ ಬುಡದಲ್ಲಿ ಚಳಕು ಹೊಡೆಯಿತು, ಬಾಲ ಸುಯ್ಯೆಂದು ಜಾರಿ ಕೈಯಿಂದ ಹೋಯಿತು. ಇಲಿ ಜಾಲರಿಯ ಮೇಲೆ ಕೂತೇ ಇತ್ತು, ಮೀಸೆ ಅಲ್ಲಾಡಿಸುತ್ತಾ. ಇಂಥದ್ದನ್ನು ಅವರು ಈ ಹತ್ತು ವಾರದಲ್ಲಿ ಎಷ್ಟು ಸಲ ನೋಡಿದ್ದರೋ! ಇಲಿ ಬಿಟ್ಟು ಮತ್ತೆ ಹಿಡಿದುಕೊಂಡಿತು ಅಂತ ಪ್ರತಿ ಸಲವೂ ಅಂದುಕೊಂಡಿದ್ದರು. ಮೀಟರಿನಲ್ಲಿ ನೂರನಲವತ್ತೊಂದು. ಡಾಕ್ಟ್ರಮ್ಮ ಪೆನ್ನು ಹಿಡಿದು ಆ ಮಾತಿಗೆ ಕಾಯುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಮೂವತ್ತೊಂದು ವರ್ಷದ ರೂಢಿ. ಅದರ ಬಾಲ ಒಂದನ್ನು ಬದಲಾಯಿಸಬೇಕಿತ್ತು, ಅಷ್ಟೇ.

'ಬಿಟ್ಟೆ,' ಅಂದರು.

'ಬಿಟ್ತಾ? ನೂರನಲವತ್ತೊಂದು,' ಅಂತ ಅವಳು ಬರೆಯಹೊರಟಳು.

'ಬರೀಬೇಡಿ ಅಮ್ಮ. ಅದು ಬಿಡ್ಲಿಲ್ಲ. ನಾನು ಬಿಟ್ಟೆ.'

ಅವಳು ಇಲಿಯನ್ನು ನೋಡಿದಳು, ಇವರ ಕೈಯನ್ನು ನೋಡಿದಳು, ಮತ್ತೆ ಇಲಿಯನ್ನು ನೋಡಿದಳು. ತಕ್ಕಡಿಯವರು ಎಲ್ಲಾ ಹೇಳಿದರು, ರಬ್ಬರ್ ನಳಿಕೆ, ಸಕ್ಕರೆ ಬಾಟಲಿ, ಲೈಬ್ರರಿಯವರು, ಗ್ಲೌಸಿಗೆ ಬೈದದ್ದು, ಒಂದೂ ಬಿಡದೆ.

'ಯಾವಾಗಿಂದ ಅಣ್ಣಾ?' ಅಂದಳು.

'ನನಗೆ ಗೊತ್ತಾಗಿದ್ದು ನಿನ್ನೆ. ಕೈಗೆ ಯಾವಾಗ ಗೊತ್ತಾಯ್ತೋ, ದೇವರಾಣೆ ಗೊತ್ತಿಲ್ಲ.'

ಅವಳು ಪುಸ್ತಕವನ್ನು ಮೇಜಿಗೆ ಕುಕ್ಕಿದಳು. ನಾಲ್ಕು ವರ್ಷದ ಕೆಲಸ, ಹತ್ತು ವಾರದ ಲೆಕ್ಕ, ಇನ್ನೆರಡೇ ವಾರದಲ್ಲಿ ಇದನ್ನೆಲ್ಲ ತಾನೇ ಹೂಳಲಿದ್ದೆ ಅಂತ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂತು. ಮಾಸ್ಕಿನೊಳಗೇ ಅತ್ತಳು. ತಕ್ಕಡಿಯವರು ತಲೆ ತಗ್ಗಿಸಿ ನಿಂತರು. ಆ ಹೊತ್ತು ಅವಳು ಏನಂದಿದ್ದರೂ ಅನ್ನಿಸಿಕೊಳ್ಳಲು ಸಿದ್ಧರಿದ್ದರು. ಅವಳು ಮೂಗು ಒರೆಸಿಕೊಂಡು ಅಂದದ್ದು ಒಂದೇ ಮಾತು. 'ಬಾಲ ಎಲ್ಲಿ ಹಿಡೀಬೇಕು, ತೋರ್ಸಿ.'

ತೋರಿಸಿದರು. ಹೆಬ್ಬೆರಳು ಎಲ್ಲಿ, ಮೊಣಕೈ ಎಲ್ಲಿ, ಉಸಿರು ಯಾವಾಗ ಬಿಗಿಹಿಡಿಯಬೇಕು. ಮೊದಲ ಎರಡು ಸಲ ಜರ್ಕು ಹೊಡೆಯಿತು. ಮೂರನೆಯ ಸಲ ಹದ ಸಿಕ್ಕಿತು. ಇಲಿ ಹಿಡಿಯಿತು, ಹಿಡಿಯಿತು, ಹಿಡಿದೇ ಇತ್ತು, ಕೊನೆಗೆ ಕಿತ್ತು ಬಂತು. 'ಬಿಟ್ತು!' ಅಂತ ಅವಳು ಕೂಗಿದ್ದು ಥೇಟ್ ಇವರ ರಾಗದಲ್ಲೇ. ಮೀಟರಿನಲ್ಲಿ ನೂರಎಂಬತ್ತೇಳು.

ದೊಡ್ಡ ಡಾಕ್ಟರನ್ನು ಕರೆಸಿದರು. ಅವರು ಬಂದವರೇ 'ಸಾಧ್ಯವೇ ಇಲ್ಲ, ನಿಮ್ಮ ಕೈ ಅದು, ನಿಮ್ಮ ಕೈ!' ಅಂತ ತಕ್ಕಡಿಯವರಿಗೇ ತಕ್ಕಡಿಯವರ ಪರವಾಗಿ ವಕಾಲತ್ತು ಮಾಡತೊಡಗಿದರು. ಆಗ ತಕ್ಕಡಿಯವರು ಪಕ್ಕದ ಕೋಣೆಯಿಂದ ಕಾಯಿಲೆಯಿಲ್ಲದ ಒಂದು ಇಲಿ ತಂದು ಅವರ ಕಣ್ಣೆದುರೇ ಎಳೆದರು. ನೂರನಲವತ್ತು. ಅದೇ ಇಲಿಯನ್ನು ಡಾಕ್ಟ್ರಮ್ಮ ಎಳೆದಳು. ಇನ್ನೂರಹನ್ನೆರಡು. ದೊಡ್ಡ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಗಟ್ಟಿ ಇಲಿಗಳು ಬೇಡ ಅಂದದ್ದು ಯಾರು ಅನ್ನುವುದು ಅವರಿಗೂ ನೆನಪಾದಂತಿತ್ತು. ಆ ಮೇಲೆ ಬಹಳ ಹೊತ್ತು ಯಾರ ಮೇಲೂ ರೇಗಲಿಲ್ಲ.

ಹತ್ತು ವಾರದ ಪುಸ್ತಕ ಕಸವಾಯಿತು. ಹೊಸ ಇಲಿಗಳು, ಹೊಸ ಲಕೋಟೆ, ಗಟ್ಟಿ ಇಲಿಗಳೂ ಜೊತೆಗೆ, ಎಳೆಯಲು ಇಬ್ಬರು. ಮೊದಲಿನಿಂದ ಶುರು. ಔಷಧಿ ಮೂಲೆ ಸೇರಲಿಲ್ಲ. ತಕ್ಕಡಿಯವರನ್ನು ಬಾಲದಿಂದ ಬಿಡಿಸಿ, ಹೊಸಬರ ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿದರು. ಕೈ ಹೋದರೂ ಬಾಯಿ ಇತ್ತು. 'ಅದ್ಯಾಕೆ ಹಗ್ಗ ಎಳೆದ ಹಾಗೆ ಎಳೀತೀರಾ? ಅದೂ ಒಂದು ಜೀವ ಅಲ್ವಾ!' ಅಂತ ಎಂಟು ತಿಂಗಳು ಎಲ್ಲರ ಪ್ರಾಣ ಹಿಂಡಿದರು. ಹೋದ ವರ್ಷದ ಔಷಧಿಯ ಬಗ್ಗೆ ಒಂದು ಕಾಗದ ಬರೆದು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟರು. ಅದನ್ನು ಮತ್ತೆ ತೆಗೆದು ನೋಡುತ್ತೇವೆ ಅಂತ ಅವರು ಹೇಳಿದರು. ನೋಡಿದರೋ ಇಲ್ಲವೋ, ಇವತ್ತಿನವರೆಗೆ ಸುದ್ದಿಯಿಲ್ಲ. ಆ ಒಂದು ವಿಷಯ ಮಾತ್ರ ತಕ್ಕಡಿಯವರಿಗೆ ಊಟದ ನಡುವೆ ಕೂಡ ನೆನಪಾಗುತ್ತದೆ, ತುತ್ತು ಕೈಯಲ್ಲೇ ನಿಲ್ಲುತ್ತದೆ.

ನಿವೃತ್ತಿಯಾಗಿ ಒಂದು ವರ್ಷಕ್ಕೆ ಲೈಬ್ರರಿಯವರು ಫೋನು ಮಾಡಿ ಕರೆಸಿಕೊಂಡರು. ಔಷಧಿಯ ಪ್ರಬಂಧ ಅಚ್ಚಾಗಿತ್ತು. ಔಷಧಿ ಕುಡಿದ ಇಲಿಗಳು ಕುಡಿಯದವಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಹಿಡಿದಿದ್ದವು.

'ನಮ್ಮ ಬಂಧುಗಳಿಗೆ ಅಭಿನಂದನೆ ಹೇಳಿ,' ಅಂದರು ಲೈಬ್ರರಿಯವರು. 'ಇಲಿಯಿಂದ ಮನುಷ್ಯರ ತನಕ ಬರೋ ಹೊತ್ತಿಗೆ ನಾನು ಇರ್ತೀನೋ ಇಲ್ವೋ. ಬರ್ಲಿ, ಯಾರಿಗಾದ್ರೂ ಬರ್ಲಿ.' ಆಮೇಲೆ ಕೈ ಚಾಚಿದರು. 'ತೂಗಿ.'

ತಕ್ಕಡಿಯವರು ಹಿಡಿದರು. 'ಕಡಿಮೆಯಾಗಿದೆ,' ಅಂದರು. ಮೊದಲ ಸಲ.

'ನಿಮ್ಮದೂ ಅಷ್ಟೇ,' ಅಂತ ಲೈಬ್ರರಿಯವರು ನಕ್ಕು, ಐದನೆಯ ಪುಟದ ಪ್ರತಿಯನ್ನು ಕೈಗೆ ಕೊಟ್ಟರು.

ಮನೆಗೆ ಬಂದಾಗ ಹೆಂಡತಿ ಫೈಲು, ಕೆಂಪು ಪೆನ್ಸಿಲ್ಲು ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಕಾಯುತ್ತಿದ್ದಳು. 'ಎಲ್ಲಿದೆ, ಪಳಗಿದ ಒಬ್ಬರೇ ವ್ಯಕ್ತಿ?'

'ಇಲ್ಲ ಕಣೇ. ಈ ಸಲ ಹಾಗಿಲ್ಲ.' ಲೈಬ್ರರಿಯವರು ಬಿಡಿಸಿ ಹೇಳಿದ್ದನ್ನು ನಿಧಾನವಾಗಿ ಹೇಳಿದರು. 'ಮೊದಲ ಸುತ್ತಿನ ಅಳತೆಗಳನ್ನು ಕೈಬಿಡಲಾಗಿದೆ. ಇಲಿ ಬಿಡುವ ಮೊದಲೇ ತಮ್ಮ ಬೆರಳು ಬಿಡುತ್ತಿತ್ತೆಂದು ಅಳೆಯುವವರೇ ತಿಳಿಸಿದರು.'

ಅವಳು ಪೆನ್ಸಿಲ್ಲು ಕೈಗೆತ್ತಿಕೊಂಡಳು. 'ಇಷ್ಟು ವರ್ಷ ನೀವು ಎಳೆದಿದ್ದನ್ನ ಅಚ್ಚು ಹಾಕಿದ್ರು,' ಅಂದಳು. 'ಈ ಸಲ ನೀವು ಹೇಳಿದ್ದನ್ನ ಹಾಕಿದಾರೆ.' ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಳು, ಒತ್ತಿ.

ಆಮೇಲೆ ಕಾಫಿಗೆ ಎದ್ದಳು. ಈಗ ಆ ಮನೆಯಲ್ಲಿ ಮುಚ್ಚಳಗಳನ್ನು ಗಟ್ಟಿಯಾಗಿ ಮುಚ್ಚುತ್ತಾರೆ. ಹೊಸ ಸಕ್ಕರೆ ಬಾಟಲಿಯನ್ನು ಅವಳು ಸೆರಗಿನಲ್ಲಿ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದಳು.

'ಬಿಟ್ತು!' ಅಂತ ಅಡುಗೆಮನೆಯಿಂದ ಕೂಗಿದಳು.

'ಎಷ್ಟು ಗ್ರಾಂ?' ಅಂದರು ತಕ್ಕಡಿಯವರು.